ದೋಸೆಗಾಡಿಯ ಬ್ರೇಕು

ನನ್ನ ಗಂಡ ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ಇಂಜಿನಿಯರಿಂಗ್ ಮ್ಯಾನೇಜರು. ಮನೆಯಲ್ಲೂ ತಮಗೆ ಅದೇ ಹುದ್ದೆ ಎಂದು ಅವರ ನಂಬಿಕೆ. ಮಿಕ್ಸಿ ನಿಂತುಹೋದರೆ ‘ಮಿಕ್ಸಿ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ನಡೆಯುವುದಿಲ್ಲ. ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ, ಆಮೇಲೆ ಏನು ಬದಲಾಯಿತು, ಯಾರು ಮುಟ್ಟಿದರು ಎಂದೆಲ್ಲ ಒಪ್ಪಿಸಬೇಕು. ಇದಕ್ಕೆ ಅವರ ಕಾರ್ಖಾನೆಯಲ್ಲಿ ರೂಟ್ ಕಾಸ್, ಅಂದರೆ ಮೂಲಕಾರಣ, ಹುಡುಕುವುದು ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಆ ಹುಡುಕಾಟ ಎಲ್ಲಿಂದ ಹೊರಟರೂ ನೇರ ನನ್ನ ಹತ್ತಿರ ಬಂದು ನಿಲ್ಲುತ್ತದೆ.

ಇನ್ನು ದೇವರು, ಅಡುಗೆ, ನೆಂಟರ ಫೋನು, ಕನ್ನಡ ಪುಸ್ತಕ, ಇವೆಲ್ಲ ಅವರ ಮಾತಿನಲ್ಲಿ ‘ನಿನ್ನ ಡಿಪಾರ್ಟ್‌ಮೆಂಟು’. ಆದ್ದರಿಂದಲೇ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ಅವರು ಓದುವ ಅಪಾಯವಿಲ್ಲ.

ನಾವಿರುವುದು ಲೊರೆಶೋ ಬಡಾವಣೆಯಲ್ಲಿ. ಇಲ್ಲಿಗೆ ಬಂದಾಗಿನಿಂದ ಇವರ ಸಹೋದ್ಯೋಗಿಗಳಿಗೆಲ್ಲ ದೋಸೆ ಹುಯ್ದು ಹುಯ್ದು ಬಡಿಸಿದ್ದೇನೆ. ತಿಂದವರೆಲ್ಲ ‘ಮೇಡಂ, ನೀವು ಹೋಟೆಲ್ ಇಡಬೇಕು’ ಎಂದು ಹೇಳಿ ಕೈತೊಳೆದುಕೊಂಡು ಹೋದರು. ಅವರು ಉಪಚಾರಕ್ಕೆ ಹೇಳಿದ್ದು. ನಾನು ನಿಜವಾಗಿ ತಲೆಗೆ ಹಚ್ಚಿಕೊಂಡೆ. ಕಿಲಿಮಾನಿಯ ಒಂದು ಅಂಗಡಿ ಸಂಕೀರ್ಣದ ಕಾರು ನಿಲ್ಲಿಸುವ ಜಾಗದಲ್ಲಿ ಶನಿವಾರದ ಸಂತೆಯೊಂದು ಸೇರುತ್ತದೆ. ತರಕಾರಿ, ಚೀಸು, ಬ್ರೆಡ್ಡು, ಬಗೆಬಗೆಯ ತಿಂಡಿ. ಅಲ್ಲಿ ಜಾಗ ಸಿಗಬೇಕಾದರೆ ಹೆಸರು ಕೊಟ್ಟು ಕಾಯಬೇಕು. ನಾನು ಹೆಸರು ಕೊಟ್ಟೆ, ಕಾಯುತ್ತಲೇ ಒಂದು ಟ್ರೇಲರು ಮಾಡಿಸಿದೆ. ಒಂದು ಪಕ್ಕ ತೆರೆದರೆ ಕಿಟಕಿ, ಒಳಗೆ ದೊಡ್ಡ ಕಾವಲಿ, ಗ್ಯಾಸಿನ ಒಲೆ, ನೀರಿನ ಟ್ಯಾಂಕು. ಸಾರಿನ ಕೆಂಪು ಬಣ್ಣ ಬಳಿಸಿದೆ.

ಇವರಿಗೆ ಅದು ಮೊದಲಿನಿಂದಲೂ ಹಿಡಿಸಲಿಲ್ಲ.

“ಈ ವಯಸ್ಸಲ್ಲಿ ರಸ್ತೇಲಿ ನಿಂತ್ಕೊಂಡು ದೋಸೆ ಹುಯ್ಯೋದು ಬೇಕಾ ನಿಂಗೆ?” ಎಂದರು.

“ರಸ್ತೇಲಲ್ಲ, ಪಾರ್ಕಿಂಗಲ್ಲಿ,” ಎಂದೆ.

“ಪಿಕಪ್ ನಾನು ಓಡಿಸ್ತೀನಿ. ಅದು ನನ್ನ ಡಿಪಾರ್ಟ್‌ಮೆಂಟು. ಮಿಕ್ಕಿದ್ದು ನಂಗೆ ಗೊತ್ತಿಲ್ಲ.”

ಅಷ್ಟೇ. ಬಣ್ಣ ಚೆನ್ನಾಗಿದೆ ಎಂದಾಗಲಿ, ಕಿಟಕಿ ಚೆನ್ನಾಗಿ ಕೂತಿದೆ ಎಂದಾಗಲಿ ಒಂದು ಮಾತು ಬರಲಿಲ್ಲ. ನನಗೆ ಬೇಜಾರಾಗಿತ್ತು, ಬೇಜಾರಾದರೆ ನಾನು ಚಟ್ನಿಗೆ ಖಾರ ಜಾಸ್ತಿ ಹಾಕುತ್ತೇನೆ. ಆ ತಿಂಗಳೆಲ್ಲ ಮನೆಯಲ್ಲಿ ಚಟ್ನಿ ಬಲು ಖಾರವಾಗಿತ್ತು.

ಕೊನೆಗೂ ಸಂತೆ ನಡೆಸುವ ಹೆಂಗಸಿನಿಂದ ಫೋನು ಬಂತು. ಬರುವ ಶನಿವಾರ ಬಾ, ಆದರೆ ಮೊದಲನೆಯ ಶನಿವಾರವೇ ಬಾರದಿದ್ದರೆ ಜಾಗ ಸರದಿಯಲ್ಲಿ ನಿನ್ನ ಹಿಂದಿರುವವರಿಗೆ ಹೋಗುತ್ತದೆ ಎಂದಳು. ನನ್ನ ಹಿಂದೆ ಕಾಯುತ್ತಿದ್ದದ್ದು ಪ್ಯಾನ್‌ಕೇಕು ಮಾಡುವ ಒಬ್ಬ ಗಡ್ಡದವನು. ಸಿಹಿ ದೋಸೆಯನ್ನು ಸರಿಯಾಗಿ ತೆಳ್ಳಗೆ ಹುಯ್ಯಲೂ ಬಾರದವನಿಗೆ ನನ್ನ ಜಾಗ ಹೋಗುವುದನ್ನು ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

ಟ್ರೇಲರಿನ ಬ್ರೇಕಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಭಾರದ ಗಾಡಿಯಾದ್ದರಿಂದ ಅದಕ್ಕೆ ಕರೆಂಟಿನ ಬ್ರೇಕು. ಚಕ್ರಗಳ ಒಳಗೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ಬಿಲ್ಲೆಗಳಿರುತ್ತವೆ. ಮುಂದೆ ಪಿಕಪ್ಪಿನಲ್ಲಿ ಬ್ರೇಕು ಒತ್ತಿದಾಗ, ಸ್ಟೀರಿಂಗಿನ ಕೆಳಗೆ ಕೂರಿಸಿದ ಒಂದು ಪುಟ್ಟ ಡಬ್ಬಿ ಹಿಂದಕ್ಕೆ ಕರೆಂಟು ಕಳಿಸುತ್ತದೆ, ಬಿಲ್ಲೆಗಳು ಅಂಟಿಕೊಂಡು ಬ್ರೇಕು ಎಳೆಯುತ್ತವೆ, ಟ್ರೇಲರು ತನ್ನ ಪಾಡಿಗೆ ತಾನೇ ನಿಲ್ಲುತ್ತದೆ. ಟ್ರೇಲರಿನಿಂದ ಬರುವ ಒಂದು ದಪ್ಪ ವೈರಿನ ತುದಿಯಲ್ಲಿ ಏಳು ಕಾಲಿನ ಪ್ಲಗ್ಗು. ಅದನ್ನು ಪಿಕಪ್ಪಿನ ಹಿಂಭಾಗದ ಸಾಕೆಟ್ಟಿಗೆ ಸಿಕ್ಕಿಸಬೇಕು. ಏಳರಲ್ಲಿ ಒಂದು ಕಾಲು ಬ್ರೇಕಿಗೆ, ಉಳಿದವು ದೀಪ, ಅರ್ತು ಇತ್ಯಾದಿಗೆ. ಯಾವುದು ಯಾವುದಕ್ಕೆ ಎಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ, ಒಂದನ್ನು ಬಿಟ್ಟು. ಬ್ರೇಕು ಹಿಡಿಯದಿದ್ದರೆ ಇಳಿಜಾರಿನಲ್ಲಿ ಟ್ರೇಲರು ಪಿಕಪ್ಪನ್ನು ಹಿಂದಿನಿಂದ ತಳ್ಳುತ್ತದೆ. ಲೊರೆಶೋದಿಂದ ಕಿಲಿಮಾನಿಗೆ ಹೋಗುವ ದಾರಿಯಲ್ಲಿ ಇಳಿಜಾರಿಗೆ ಬರವಿಲ್ಲ.

ಟ್ರೇಲರನ್ನು ವರ್ಕ್‌ಶಾಪಿನಿಂದ ತಂದ ದಿನ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಅದೇ ವಾರ ಆಯುಧಪೂಜೆ ಬಂತು.

ಆಯುಧಪೂಜೆ ಎಂದರೆ ಇವರಿಗೆ ಕಾರ್ಖಾನೆಯ ಕಾಟ. ಮಾಲೀಕರು ನಮ್ಮ ಕಡೆಯವರೇ, ಯಂತ್ರಗಳಿಗೆಲ್ಲ ಹಾರ ಹಾಕಿಸಿ ಪೂಜೆ ಮಾಡಿಸುತ್ತಾರೆ. ಇವರು ಅದರ ಹಿಂದೆಯೇ ‘ಒಳಗೆ ಕುಂಕುಮ ಹಾಕ್ಬೇಡಿ’ ಎಂದು ಕೂಗಿಕೊಂಡು ಓಡಾಡುತ್ತಾರೆ. ಕಂಟ್ರೋಲ್ ಪ್ಯಾನೆಲ್ಲಿನ ಒಳಗೆ ಕುಂಕುಮ ಬಿದ್ದರೆ ಅದು ಭಕ್ತಿಯಲ್ಲ, ಡೀವಿಯೇಷನ್, ಅಂದರೆ ಬರೆದಿಡಬೇಕಾದ ನಿಯಮಭಂಗ ಎಂದು ಅವರ ಉಪದೇಶ. ನನಗೂ ಹಿಂದಿನ ಸಂಜೆಯೇ ಎಚ್ಚರಿಕೆ ಕೊಟ್ಟರು. “ನೋಡು, ಚಕ್ರಕ್ಕೆ ಹಚ್ಚು, ಬಾನೆಟ್ಟಿಗೆ ಹಚ್ಚು, ಬೇಕಾದ್ರೆ ನನ್ನ ಹಣೆಗೂ ಹಚ್ಚು. ವೈರಿನ ತಂಟೆಗೆ ಮಾತ್ರ ಹೋಗ್ಬೇಡ.”

ನಾನು ಹೋಗಲಿಲ್ಲ. ಚೆಂಡುಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು, ಕಾವಲಿಗೆ, ಸಟ್ಟುಗಕ್ಕೆ ಅರಿಶಿನ ಕುಂಕುಮ, ಎಲ್ಲ ಕ್ರಮವಾಗಿ ಮಾಡಿದೆ. ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆದೆ. ಒಳಗೆ ಕುಂಕುಮ ತುಂಬಿದ ಆ ಕಾಯಿ ರಸ್ತೆಯ ಮೇಲೆ ಕೆಂಪಗೆ ಚೆದುರಿದ್ದನ್ನು ನೋಡಿ ನಮ್ಮ ಕಾಂಪೌಂಡಿನ ಅಸ್ಕಾರಿ, ಅಂದರೆ ಕಾವಲಿನಾತ, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಇವರು ಬಾಗಿಲಲ್ಲಿ ಫೋನು ನೋಡುತ್ತ ನಿಂತಿದ್ದವರು “ಆಯ್ತಾ?” ಎಂದು ಕೇಳಿ, ಆರತಿ ತೆಗೆದುಕೊಂಡು ಒಳಗೆ ಹೋದರು. ಆ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಗಂಧದ ವಾಸನೆ ಘಮ್ಮೆಂದಿದ್ದು ನೆನಪಿದೆ. ಹೊಸ ಸೋಪು ತಂದಿರಬೇಕು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಹಿಟ್ಟು ರುಬ್ಬಿದೆ. ನೈರೋಬಿಯ ತಂಪಿನಲ್ಲಿ ದೋಸೆ ಹಿಟ್ಟು ಹುಳಿ ಬರುವುದೆಂದರೆ ಹಟಮಾರಿ ಮಗುವನ್ನು ಸ್ಕೂಲಿಗೆ ಎಬ್ಬಿಸಿದ ಹಾಗೆ. ಪಾತ್ರೆಗಳಿಗೆಲ್ಲ ಕೆಂಪು ಚೌಕುಳಿಯ ಮಸಾಯಿ ಕಂಬಳಿ ಶುಕಾ ಹೊದಿಸಿ ಬಿಸಿನೀರಿನ ಟ್ಯಾಂಕಿನ ಪಕ್ಕ ಕೂರಿಸಿದೆ. ಊಟದ ಹೊತ್ತಿಗೆ ಇವರು ಮನೆಗೆ ಬಂದುಬಿಟ್ಟರು. ಅರ್ಧ ದಿನ ರಜೆಯಂತೆ. ನನಗೆ ಆಶ್ಚರ್ಯವಾಯಿತು, ಇವರು ಜ್ವರ ಬಂದಾಗಲೂ ರಜೆ ಹಾಕುವವರಲ್ಲ. “ನಾಳೆಗೆ ಒಂದ್ಸಲ ಗಾಡಿ ಚೆಕ್ ಮಾಡ್ಬಿಡ್ತೀನಿ,” ಎಂದರು.

ಟ್ರೇಲರನ್ನು ಪಿಕಪ್ಪಿಗೆ ಕಟ್ಟಿ, ಪ್ಲಗ್ಗು ಸಿಕ್ಕಿಸಿ, ಕಾಂಪೌಂಡಿನೊಳಗೇ ಗೇಟಿನವರೆಗೆ ಮೆಲ್ಲಗೆ ಓಡಿಸಿದರು. ಅಸ್ಕಾರಿ ಗೇಟು ತೆರೆಯುತ್ತಿದ್ದವನು, ಪಿಕಪ್ಪು ನಿಂತ ಮೇಲೂ ಟ್ರೇಲರು ಅದರ ಬೆನ್ನಿಗೆ ಧಡ್ಡೆಂದು ಗುದ್ದಿದ್ದು ನೋಡಿ ಗೇಟು ಮುಚ್ಚಿಬಿಟ್ಟ. ಇವರು ಕೆಳಗಿಳಿದರು.

“ಬ್ರೇಕ್ ಇಲ್ಲ,” ಎಂದರು.

“ಇಲ್ಲ ಅಂದ್ರೆ? ಎಲ್ಲಿ ಹೋಯ್ತು?”

“ತಮಾಷೆ ಮಾಡ್ಬೇಡ. ಆ ಡಬ್ಬಿಗೆ ಹಿಂದೆ ಟ್ರೇಲರ್ ಇದೆ ಅಂತಾನೇ ಗೊತ್ತಾಗ್ತಿಲ್ಲ, ದೀಪಾನೇ ಹತ್ತಲ್ಲ. ತಂದ ದಿನ ಕೆಲಸ ಮಾಡಿತ್ತು. ಇವತ್ತು ಮಾಡ್ತಿಲ್ಲ. ಮಧ್ಯೆ ಏನು ಬದಲಾಯ್ತು?”

ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟರು.

“ಪೂಜೆ.”

ನನಗೆ ರೇಗಿಹೋಯಿತು. “ನಾನು ಒಂದೇ ಒಂದು ವೈರೂ ಮುಟ್ಟಿಲ್ಲ. ದೇವರಾಣೆಗೂ.”

“ನೀನು ಮುಟ್ಟದೇ ಇರ್ಬೋದು. ನೀರು ಚಿಮುಕಿಸಿದ್ಯಲ್ಲ, ಕಾಯಿ ಒಡೆದ್ಯಲ್ಲ? ಒಂದು ಹನಿ ಸಾಕು ಕಣೇ.”

ಗಲಾಟೆ ಕೇಳಿ ಮಗಳು ಹೊರಗೆ ಬಂದಳು. ನೈರೋಬಿಯಲ್ಲೇ ಬೆಳೆದ ಹುಡುಗಿ, ನಾವು ಕನ್ನಡದಲ್ಲಿ ಜಗಳವಾಡಿದರೆ ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಾಳೆ. “ಅಪ್ಪಾ, ಜಸ್ಟ್ ಕಾಲ್ ದ ಫುಂಡಿ,” ಎಂದಳು. ಇಲ್ಲಿ ಮೆಕ್ಯಾನಿಕ್‌ನಿಂದ ಹಿಡಿದು ಗಾರೆಯವನವರೆಗೆ ರಿಪೇರಿ ಮಾಡುವವರೆಲ್ಲ ಫುಂಡಿಗಳೇ.

“ಫುಂಡಿ ಯಾಕಮ್ಮ? ನಾನಿಲ್ವಾ?”

“ದಟ್ಸ್ ವೈ, ಅಪ್ಪಾ,” ಎಂದು ಒಳಗೆ ಹೋದಳು.

ಅಲ್ಲಿಂದ ತನಿಖೆ ಶುರುವಾಯಿತು. ನನ್ನ ಯೋಗದ ಚಾಪೆಯನ್ನು ತಂದು ಟ್ರೇಲರಿನ ಕೆಳಗೆ ಹಾಸಿದರು. ಅದರ ಮೇಲೆ ಅಂಗಾತ ಮಲಗಿ, ಮೀಟರು ಎದೆಯ ಮೇಲಿಟ್ಟುಕೊಂಡು, ನನ್ನನ್ನು ಪಿಕಪ್ಪಿನಲ್ಲಿ ಕೂರಿಸಿದರು. ಕೆಳಗಿನಿಂದ “ಒತ್ತು” ಎಂದಾಗ ಬ್ರೇಕು ಒತ್ತಬೇಕು, “ಬಿಡು” ಎಂದಾಗ ಬಿಡಬೇಕು. ಒಮ್ಮೆ ನಾನು ಬೇಕೆಂದೇ ತಡಮಾಡಿ ಬಿಟ್ಟೆ.

“ಬಿಡು ಅಂದೆ!”

“ಬಿಟ್ಟಿದ್ದೀನಿ, ನಿಮ್ಮ ಮೀಟರ್‌ಗೇ ಇನ್ನೂ ಗೊತ್ತಾಗಿಲ್ಲ.”

ಫ್ಯೂಜು ನೋಡಿದರು, ಚೆನ್ನಾಗಿತ್ತು. ಚಕ್ರದ ಬಿಲ್ಲೆಗಳಿಗೆ ಹೋಗುವ ವೈರು ನೋಡಿದರು, ಅದೂ ಚೆನ್ನಾಗಿತ್ತು. ಅರ್ತಿನ ಬೋಲ್ಟು ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರು. ಒಂದೊಂದು ಚೆನ್ನಾಗಿದೆ ಎಂದಾದಾಗಲೂ ಇವರ ಮುಖ ಇನ್ನಷ್ಟು ಹುಳ್ಳಗಾಗುತ್ತಿತ್ತು. ಆಸ್ಪತ್ರೆಯಲ್ಲಿ ರಿಪೋರ್ಟು ಚೆನ್ನಾಗಿ ಬಂದರೆ ಜನ ಖುಷಿಪಡುತ್ತಾರೆ. ಇವರಿಗೆ ಕೆಟ್ಟದ್ದೇನಾದರೂ ಸಿಕ್ಕಿದರೆ ಸಾಕಾಗಿತ್ತು. ನಡುನಡುವೆ ‘ನೀರು’, ‘ಕುಂಕುಮ’, ‘ಎಷ್ಟು ಸಲ ಹೇಳಿದ್ದೆ’ ಎಂಬ ಮಾತುಗಳು ಟ್ರೇಲರಿನ ಕೆಳಗಿನಿಂದ ತೇಲಿಬರುತ್ತಿದ್ದವು. ಅಸ್ಕಾರಿ ಆಗಾಗ ಬಂದು ಬಗ್ಗಿ ನೋಡಿ, “ಪೋಲೆ ಮಾಮಾ,” ಅಂದರೆ ಪಾಪ ಅಮ್ಮಾ, ಎಂದು ನನಗೆ ಸಂತಾಪ ಹೇಳಿ ಹೋಗುತ್ತಿದ್ದ. ಕೆಳಗೆ ಮಲಗಿದ್ದವರಿಗೆ ಹೇಳಲಿಲ್ಲ, ನನಗೆ ಹೇಳಿದ. ಆತ ಲೋಕ ಕಂಡವನು.

ನಡುವೆ ಒಳಗೆ ಹೋಗಿ ಶುಕಾ ಎತ್ತಿ ನೋಡಿದೆ. ಹಿಟ್ಟು ಅಪರೂಪಕ್ಕೆ ಸೊಗಸಾಗಿ ಉಬ್ಬುತ್ತಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ. ಅದನ್ನು ನೋಡಿ ಅಳು ಬಂದಂತಾಯಿತು. ಹಿಟ್ಟು ಯಾರ ಬ್ರೇಕಿಗೂ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಹೋಗದಿದ್ದರೆ ಜಾಗ ಗಡ್ಡದವನ ಪಾಲು, ಹಿಟ್ಟು ನಮ್ಮ ಪಾಲು, ವಾರಪೂರ್ತಿ ಮೂರು ಹೊತ್ತೂ ಹುಳಿದೋಸೆ. ಅದಕ್ಕಿಂತ ಹೆಚ್ಚಾಗಿ, ‘ನಾನು ಮೊದ್ಲೇ ಹೇಳ್ಲಿಲ್ವಾ?’ ಎಂಬ ಮಾತನ್ನು ಜೀವಮಾನವಿಡೀ ಕೇಳಬೇಕು. ನನಗೆ ನಿಜವಾಗಿ ಭಯವಾಗಿದ್ದು ಆ ಮಾತಿಗೆ.

ಹೊರಗೆ ಬಂದರೆ ಇವರು ಚಾಪೆಯ ಮೇಲೆ ಎದ್ದು ಕೂತಿದ್ದರು. ಕೂದಲಿನಲ್ಲಿ ಚೆಂಡುಹೂವಿನ ಎಸಳು.

“ವಿಚಿತ್ರ ಕಣೇ,” ಎಂದರು. “ಪಿಕಪ್ ಕಡೆ ಸಾಕೆಟ್‌ವರೆಗೂ ಕರೆಂಟ್ ಬರ್ತಿದೆ. ಟ್ರೇಲರ್ ಕಡೆ ಎಲ್ಲಾ ಕರೆಕ್ಟಾಗಿದೆ. ಎರಡೂ ಸರಿ ಇದೆ. ಸೇರಿಸಿದ್ರೆ ಮಾತ್ರ ಕೆಲಸ ಮಾಡಲ್ಲ.”

“ನಮ್ಮಿಬ್ಬರ ಹಾಗೆ,” ಎಂದೆ.

ಅವರು ನಗಲಿಲ್ಲ. “ಎರಡೂ ಸರಿ ಇದ್ರೆ, ಸೇರೋ ಜಾಗದಲ್ಲೇ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಸಾಕೆಟ್ಟಿಗೆ ಸಿಕ್ಕಿಸಿದ್ದ ಪ್ಲಗ್ಗನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಪ್ಲಗ್ಗನ್ನು ನೋಡಿದರು. ಮದುವೆಯಾಗಿ ಇಷ್ಟು ವರ್ಷವಾಗಿದೆ, ಆ ಮುಖವನ್ನು ನಾನು ಒಂದೋ ಎರಡೋ ಸಲ ಕಂಡಿರಬಹುದು. ಪರೀಕ್ಷೆಯಲ್ಲಿ ಕಾಪಿ ಚೀಟಿ ಜೇಬಿನಲ್ಲೇ ಉಳಿದುಹೋಗಿದೆ ಎಂದು ನೆನಪಾದವರ ಮುಖ.

“ಹೋಗಿ ಸ್ವಲ್ಪ ಕಾಫಿ ಮಾಡ್ಕೊಂಡು ಬಾ,” ಎಂದರು, ತುಂಬಾ ಮೃದುವಾಗಿ.

ಅಷ್ಟು ಮೃದುವಾಗಿ ಇವರು ಕಾಫಿ ಕೇಳಿದ್ದೇ ಇಲ್ಲ. ನನಗೆ ತಕ್ಷಣ ಗುಮಾನಿ ಬಂತು.

“ಈಗ ತಾನೇ ಕುಡಿದ್ರಲ್ಲ?”

“ಇನ್ನೊಂದು ಸಲ.”

“ಫಿಲ್ಟರ್ ಇಳಿಯೋಕೆ ಹೊತ್ತಾಗುತ್ತೆ. ಇಲ್ಲೇ ಇರ್ತೀನಿ, ಒತ್ತು ಬಿಡು ಅನ್ನೋಕೆ ಯಾರಾದ್ರೂ ಬೇಕಲ್ಲ.”

“ಒತ್ತೋದು ಮುಗೀತು. ನಿನ್ನ ಹಿಟ್ಟು ನೋಡ್ಕೋ ಹೋಗು.”

“ಹಿಟ್ಟು ನೋಡ್ಕೊಂಡೇ ಬಂದೆ. ಚೆನ್ನಾಗಿದೆ.”

“ಹಾಗಾದ್ರೆ... ಅಮ್ಮನಿಗೆ ಫೋನ್ ಮಾಡು. ಅದು ನಿನ್ನ ಡಿಪಾರ್ಟ್‌ಮೆಂಟು.”

ಇನ್ನೂ ಸತಾಯಿಸಬಹುದಿತ್ತು, ಆದರೆ ಕುತೂಹಲ ತಡೆಯಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ನಮ್ಮ ಅಡುಗೆಮನೆಯ ಕಿಟಕಿಗೆ ಅರ್ಧ ಪರದೆ ಇದೆ, ಅದರ ಹಿಂದೆ ನಿಂತರೆ ಕಾಂಪೌಂಡೆಲ್ಲ ಕಾಣುತ್ತದೆ. ಅಲ್ಲಿರುವವರಿಗೆ ನಾವು ಕಾಣುವುದಿಲ್ಲ. ಇವರು ಆ ಕಡೆ ಈ ಕಡೆ ನೋಡಿದರು. ಅಸ್ಕಾರಿ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಪ್ಲಗ್ಗು ಕಿತ್ತು, ಕಣ್ಣಿನ ಹತ್ತಿರ ಹಿಡಿದು, ಜೇಬಿನಿಂದ ಬೀಗದಕೈ ತೆಗೆದು ಒಳಗೆ ಕೆರೆಯತೊಡಗಿದರು. ಕೆರೆದರು, ಊದಿದರು, ಅಂಗಿಯ ಅಂಚಿನಿಂದ ಒರೆಸಿದರು. ಕಾರ್ಖಾನೆಯಲ್ಲಿ ಕೈಗವಸು ಇಲ್ಲದೆ ಯಾರೂ ಏನನ್ನೂ ಮುಟ್ಟಬಾರದು ಎಂದು ಗದರಿಸುವ ಮನುಷ್ಯ, ಇಲ್ಲಿ ಬೆಣ್ಣೆ ಕದ್ದವರ ಹಾಗೆ ಬಾಯಿ ಒರೆಸಿಕೊಳ್ಳುವುದೊಂದು ಬಾಕಿ. ಆಮೇಲೆ ಪ್ಲಗ್ಗು ಸಿಕ್ಕಿಸಿ, ಪಿಕಪ್ಪಿನೊಳಗೆ ಕೂತು ಬ್ರೇಕು ಒತ್ತಿದರು. ಟ್ರೇಲರಿನ ಚಕ್ರದಿಂದ ಸಣ್ಣಗೆ ಗುಂಯ್ ಎಂದಿತು.

“ಸಿಕ್ತು!” ಎಂದು ಕೂಗಿದರು. “ಅರ್ತ್ ಲೂಸ್ ಇತ್ತು!”

ಅರ್ತನ್ನು ಬಿಗಿದು ಆಗಲೇ ಎಷ್ಟೋ ಹೊತ್ತಾಗಿತ್ತು. ಇವರು ಕೈ ತೊಳೆಯಲು ಒಳಗೆ ಹೋದದ್ದೇ ತಡ, ಹೋಗಿ ಪ್ಲಗ್ಗು ಕಿತ್ತು ನೋಡಿದೆ. ಆರು ಕಾಲು ಹೊಸದರಂತೆ ಹೊಳೆಯುತ್ತಿದ್ದವು. ಒಂದರ ಬುಡದಲ್ಲಿ ಮಾತ್ರ ತೆಳು ಹಳದಿಯ ಏನೋ ಒಣಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ಗಂಧ. ಕೆಳಗೆ ನನ್ನ ಯೋಗದ ಚಾಪೆಯ ಮೇಲೆ, ಕೆರೆದ ಪುಡಿಯ ನಡುವೆ, ಅರಿಶಿನ ಹತ್ತಿದ ಒಂದು ಅಕ್ಕಿಕಾಳು ಬಿದ್ದಿತ್ತು. ಅಕ್ಷತೆ.

ನಾನು ಪೂಜೆಗೆ ಗಂಧ ಬಳಸಿರಲಿಲ್ಲ. ಮನೆಯಲ್ಲಿ ಗಂಧ ತೇಯಲು ಇರುವುದು ಒಂದೇ ಕಲ್ಲು. ನೈರೋಬಿಗೆ ಹೊರಟಾಗ ನನ್ನ ಅತ್ತೆಯವರು ಮಗನಿಗೆಂದು ಒಂದು ಗಂಧದ ಕೊರಡು, ಅಂಗೈಯಗಲದ ಸಾಣೆಕಲ್ಲು ಕೊಟ್ಟಿದ್ದರು. ‘ಈ ಕಲ್ಲು ಹೊತ್ಕೊಂಡು ಆಫ್ರಿಕಾಕ್ಕೆ ಹೋಗ್ಬೇಕಾ?’ ಎಂದು ಗೊಣಗಿ ತಂದು, ಇವರು ಅದನ್ನು ತಮ್ಮ ಬೀರುವಿನ ತಳದಲ್ಲಿ, ಚಳಿಗಾಲದ ಕಾಲುಚೀಲಗಳ ಕೆಳಗೆ ಹೂತುಬಿಟ್ಟಿದ್ದರು. ಹೋಗಿ ತೆಗೆದು ನೋಡಿದೆ. ಟವೆಲ್ಲಿನಲ್ಲಿ ಸುತ್ತಿದ್ದ ಕಲ್ಲಿನ ಮೇಲೆ ಗಂಧದ ವೃತ್ತ ಇನ್ನೂ ಒಣಗಿ ಉಳಿದಿತ್ತು. ತೊಳೆಯಲೂ ಬರುವುದಿಲ್ಲ ಇವರಿಗೆ.

ಮೊದಲು ಬಂದದ್ದು ನಗು, ಆಮೇಲೆ ಸಿಟ್ಟು. ಮಧ್ಯಾಹ್ನವೆಲ್ಲ ಮಗಳ ಮುಂದೆ, ಅಸ್ಕಾರಿಯ ಮುಂದೆ ನನ್ನ ನೀರು, ನನ್ನ ಕುಂಕುಮ ಎಂದು ಹರಿಹಾಯ್ದವರು ಇವರೇ ತಾನೆ? ಅಕ್ಕಿಕಾಳನ್ನು ಅಂಗೈಯಲ್ಲಿಟ್ಟುಕೊಂಡು, ಇವತ್ತು ಇವರನ್ನು ಬಿಡುವುದಿಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೆ. ಬಾಗಿಲ ಹತ್ತಿರ ಬಂದಾಗ ಒಂದು ಯೋಚನೆ ಹೊಳೆದು ನಿಂತುಬಿಟ್ಟೆ. ಏಳು ಕಾಲಿನಲ್ಲಿ ಬ್ರೇಕಿನದು ಯಾವುದೆಂದು ಈ ಮನೆಯಲ್ಲಿ ಗೊತ್ತಿದ್ದದ್ದು ಇವರಿಗೊಬ್ಬರಿಗೆ. ಬಾನೆಟ್ಟಿಗೆ ಹಚ್ಚಿರಲಿಲ್ಲ, ಚಕ್ರಕ್ಕೆ ಹಚ್ಚಿರಲಿಲ್ಲ, ದೀಪದ ಕಾಲಿಗೂ ಹಚ್ಚಿರಲಿಲ್ಲ. ನಸುಕಿನಲ್ಲಿ ಎದ್ದು, ಬಚ್ಚಲಲ್ಲಿ ಕದ್ದು ಗಂಧ ತೇದು, ನಾನು ಕೂರುವ ಗಾಡಿಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ಆ ಒಂದು ಕಾಲನ್ನು ಹುಡುಕಿ, ಅದಕ್ಕೊಂದಕ್ಕೇ ಬೊಟ್ಟಿಟ್ಟು ಅಕ್ಷತೆ ಹಾಕಿ ಬಂದಿದ್ದರು.

ಇಷ್ಟು ದಿನ ಈ ಮನುಷ್ಯನಿಗೆ ನನ್ನ ಗಾಡಿ ಎಂದರೆ ತಾತ್ಸಾರ ಎಂದುಕೊಂಡಿದ್ದೆ. ತಾತ್ಸಾರವಲ್ಲ, ಭಯ. ಅದನ್ನು ಹೇಳಿಕೊಳ್ಳಲು ಬಾರದೆ ಸಾಣೆಕಲ್ಲಿನ ಹತ್ತಿರ ಹೋಗಿದ್ದರು.

ಹೊರಗೆ ಇವರು ಕಾಂಪೌಂಡಿನೊಳಗೆ ಟ್ರೇಲರನ್ನು ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ ನೋಡುತ್ತಿದ್ದರು. ಅಸ್ಕಾರಿಗೆ ಗೇಟು ತೆರೆದು ಮುಚ್ಚಿ ಸಾಕಾಗಿತ್ತು. ನಾನು ಮುಷ್ಟಿ ಮುಚ್ಚಿಕೊಂಡು ಹೋಗಿ ನಿಂತೆ. ಆದರೂ ಸುಮ್ಮನೆ ಬಿಡಲು ಮನಸ್ಸು ಬರಲಿಲ್ಲ.

“ಹಾಗಾದ್ರೆ ರೂಟ್ ಕಾಸ್ ಏನು?” ಎಂದು ಕೇಳಿದೆ.

ಇವರು ಸ್ಟೀರಿಂಗ್ ನೋಡುತ್ತ ಹೇಳಿದರು, “ಹ್ಯೂಮನ್ ಎರರ್.”

“ಯಾವ ಹ್ಯೂಮನ್?”

“ರಿಪೋರ್ಟಲ್ಲಿ ಹೆಸರು ಹಾಕೋ ಪದ್ಧತಿ ಇಲ್ಲ.”

“ಪೂಜೆಯಿಂದಲ್ಲ ತಾನೇ?”

“ಪೂಜೆದೇನೂ ತಪ್ಪಿಲ್ಲ ಬಿಡು,” ಎಂದು ಎಂಜಿನ್ ಆಫ್ ಮಾಡಿದರು. ಅವರ ಬಾಯಲ್ಲಿ ಅಂಥ ಮಾತು ಬಂದದ್ದನ್ನು ಮಗಳು ಕೇಳಿಸಿಕೊಳ್ಳಲಿಲ್ಲ ಎಂಬುದೊಂದೇ ನನ್ನ ಕೊರಗು.

ಶನಿವಾರ ಬೆಳಿಗ್ಗೆ ಹೊರಟೆವು. ಮೊದಲ ಇಳಿಜಾರು ಬಂದಾಗ ಇವರು ಕನ್ನಡಿಯಲ್ಲಿ ಟ್ರೇಲರನ್ನು ನೋಡಿದರು. ಬ್ರೇಕು ಒತ್ತಿದರು, ಹಿಂದಿನ ಗಾಡಿ ಹಿಡಿದುಕೊಂಡಿತು. ಮುಂದೆ ಒಂದು ಮಟಾಟು ವ್ಯಾನು ನಡುರಸ್ತೆಯಲ್ಲೇ ನಿಂತು ಜನ ಹತ್ತಿಸಿಕೊಂಡಾಗಲೂ ಹಿಡಿದುಕೊಂಡಿತು. ಇವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಕಿಟಕಿಯಾಚೆ ನೋಡುತ್ತ ನಗುವನ್ನು ನುಂಗಿಕೊಂಡೆ. ಕಿಲಿಮಾನಿಯಲ್ಲಿ ಮೊದಲನೆಯ ದೋಸೆ ಕಾವಲಿಗೆ ಅಂಟಿ ಹರಿಯಿತು, ಅದನ್ನು ಇವರೇ ತಿಂದರು. ಚಟ್ನಿ ಖಾರ ಕಮ್ಮಿಯಾಗಿದೆ ಎಂದರು. ಮಧ್ಯಾಹ್ನದೊಳಗೆ ಹಿಟ್ಟು ಖಾಲಿ. ಗಡ್ಡದವನು ನೋಡಲು ಬಂದು, ಎರಡು ಮಸಾಲೆ ದೋಸೆ ತಿಂದು, ತಲೆಯಾಡಿಸಿಕೊಂಡು ಹೋದ.

ಮರುವರ್ಷ ಆಯುಧಪೂಜೆಯ ಹಿಂದಿನ ಸಂಜೆ ನಾನು ಒಂದು ಕೆಲಸ ಮಾಡಿದೆ. ಅಡುಗೆಮನೆಯಲ್ಲಿ ಚಪಾತಿ ಹಿಟ್ಟಿಗೆ ಸುತ್ತುವ ತೆಳು ಪ್ಲಾಸ್ಟಿಕ್ಕನ್ನು ಹರಿದು, ಟ್ರೇಲರಿನ ಪ್ಲಗ್ಗಿನ ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡು ಹಾಕಿದೆ. ಏಳೂ ಕಾಲು ಒಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು, ಒಂದು ಹನಿಯೂ ಒಳಗೆ ಹೋಗುವಂತಿರಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ಬೀರುವಿನ ತಳದ ಸಾಣೆಕಲ್ಲನ್ನು ಮಾತ್ರ ತೊಳೆದು, ಒರೆಸಿ, ಇದ್ದ ಹಾಗೇ ಕಾಲುಚೀಲಗಳ ಕೆಳಗೆ ಇಟ್ಟೆ.

ಬೆಳಿಗ್ಗೆ ಬಚ್ಚಲುಮನೆ ಘಮಘಮ ಎನ್ನುತ್ತಿತ್ತು. ಹೊರಗೆ ಹೋಗಿ ನೋಡಿದೆ. ಪ್ಲಾಸ್ಟಿಕ್ಕಿನ ಮೇಲೆ, ಸರಿಯಾಗಿ ಬ್ರೇಕಿನ ಕಾಲಿನ ನೆತ್ತಿಗೆ, ಗುಂಡಗೆ ಒಂದು ಗಂಧದ ಬೊಟ್ಟು, ಅದರ ನಡುವೆ ಒಂದು ಅಕ್ಷತೆ ಕಾಳು. ರಬ್ಬರ್ ಬ್ಯಾಂಡನ್ನು ಬಿಚ್ಚಿರಲಿಲ್ಲ. ಇನ್ನೊಂದು ಸುತ್ತು ಬಿಗಿ ಮಾಡಿದ್ದರು.

ಚೆಂಡುಹೂವಿನ ತಟ್ಟೆ ಹಿಡಿದು ಬಾಗಿಲಿನತ್ತ ತಿರುಗಿ ಕೂಗಿದೆ, “ರೀ, ಪೂಜೆಗೆ ಬರ್ತೀರಾ?”

“ಅದೆಲ್ಲ ನಿನ್ನ ಡಿಪಾರ್ಟ್‌ಮೆಂಟು,” ಎಂದು ಒಳಗಿನಿಂದ ಉತ್ತರ ಬಂತು.